ಕೆಂಪು ಮುಳ್ಳು

ಸೋಮವಾರ, ಆಗಸ್ಟ್ ೧೨
ಕ್ರೀಡಾ ವಿಜ್ಞಾನ ಪ್ರಯೋಗಾಲಯ, ಊಟದ ಬಿಡುವು

ಮುದ್ದಿನ ಮಗಳಿಗೆ,

ನಿನ್ನ ಎರಡು ಪತ್ರಗಳಿಗೂ ಉತ್ತರ ಬರೆಯಲಿಲ್ಲ. ಎಷ್ಟು ಬೈಯಬೇಕೋ ಬೈದುಕೋ. ಕೆಲಸ ಹೆಚ್ಚು ಎಂದು ಬರೆದಿದ್ದರೆ ಅರ್ಧ ನಿಜವಾಗುತ್ತಿತ್ತು. ಉಳಿದರ್ಧ ಬರೆಯಲು ಧೈರ್ಯ ಬರಲಿಲ್ಲ.

ಇಲ್ಲಿ ಎಲ್ಲ ಎಂದಿನಂತೆ. ದೊಡ್ಡ ಟ್ರೆಡ್‌ಮಿಲ್ಲಿನ ಪಟ್ಟಿ ಮತ್ತೆ ಎಡಕ್ಕೆ ಸರಿಯುತ್ತಿದೆ. ವಿಶ್ವವಿದ್ಯಾಲಯದ ಡಾಕ್ಟರೇಟುಗಳೆಲ್ಲ ಸುತ್ತ ನಿಂತು ನೋಡುವಾಗ ಎಸ್ಸೆಸ್ಸೆಲ್ಸಿ ಫೇಲಾದ ನಿನ್ನಪ್ಪ ಅದರಡಿ ಮಲಗಿ ಸ್ಪ್ಯಾನರ್ ತಿರುಗಿಸುತ್ತಾನೆ. ಮೊನ್ನೆ ಒಬ್ಬ ಭಾರ ಎತ್ತುವ ಹುಡುಗ ತನ್ನ ಅಂಕಿ ನೋಡಿ, "ಅಂಕಲ್, ನಿಮ್ ಮೀಟರ್ ಕೆಟ್ಟಿದೆ" ಅಂದ. "ಕೆಟ್ಟಿರೋದು ನಿನ್ನ ನಿದ್ದೆ ಕಣಯ್ಯಾ, ಮೊಬೈಲ್ ಪಕ್ಕಕ್ಕಿಟ್ಟು ಮಲಗು" ಅಂದೆ. ಎಲ್ಲರೂ ನಕ್ಕರು. ನನ್ನ ಉಪಕರಣಗಳು ಸುಳ್ಳು ಹೇಳುವುದಿಲ್ಲ ಎಂಬುದು ಇಲ್ಲಿ ಎಲ್ಲರಿಗೂ ಗೊತ್ತು. ಈ ಹೆಸರು ಗಳಿಸಲು ನನಗೆ ಇಪ್ಪತ್ತೊಂಬತ್ತು ವರ್ಷ ಹಿಡಿಯಿತು.

ನೀನು ಕೇಳಿದ್ದು ಅಮ್ಮನ ಕೈ ವಿಷಯ. ಅದಕ್ಕೇ ಬರುತ್ತೇನೆ.

ಮೇ ತಿಂಗಳಲ್ಲಿ ಅವಳು ಬಟ್ಟೆ ಕತ್ತರಿಸುವಾಗ ಕತ್ತರಿಯನ್ನು ಎರಡೂ ಕೈಯಲ್ಲಿ ಹಿಡಿದದ್ದು ನೋಡಿದೆ. ಮೂವತ್ತು ವರ್ಷ ಹೊಲಿಗೆ ಮಾಡಿದವಳು! ಕೇಳಿದರೆ, "ಕತ್ತರಿ ಮೊಂಡಾಗಿದೆ ರೀ" ಅಂದಳು. ಸಾಣೆ ಹಿಡಿಸಿ ತಂದುಕೊಟ್ಟೆ. ಮತ್ತೂ ಎರಡು ಕೈ. ಆ ಶನಿವಾರ ಗ್ರಿಪ್ ಮೀಟರನ್ನು ರಿಜಿಸ್ಟರಿನಲ್ಲಿ ಬರೆದಿಟ್ಟೇ ಮನೆಗೆ ಒಯ್ದೆ. ಆಟಗಾರರು ಮುಷ್ಟಿಯಲ್ಲಿ ಹಿಂಡುವ ಉಪಕರಣ ಅದು. ಹಿಂಡಿದಾಗ ಎರಡು ಮುಳ್ಳು ಮೇಲೇರುತ್ತವೆ. ಕೈ ಬಿಟ್ಟರೆ ಕಪ್ಪು ಮುಳ್ಳು ವಾಪಸು ಬರುತ್ತದೆ, ಕೆಂಪು ಮುಳ್ಳು ಮುಟ್ಟಿದ ಎತ್ತರದಲ್ಲೇ ನಿಲ್ಲುತ್ತದೆ. ಮೊದಲ ಭಾನುವಾರ ಬಲಗೈ ಇಪ್ಪತ್ತೆರಡು ಕಿಲೋ. ಎರಡು ವಾರ ಬಿಟ್ಟು ಇಪ್ಪತ್ತು. ಇನ್ನೆರಡು ವಾರಕ್ಕೆ ಹದಿನೇಳು.

ಮೀಟರೇ ಕೆಟ್ಟಿರಬೇಕು ಅಂದುಕೊಂಡೆ. ಹಾಗೆ ಆಸೆಪಟ್ಟೆ ಅನ್ನುವುದೇ ಸರಿ. ಮರುದಿನ ಎಲ್ಲರಿಗಿಂತ ಮುಂಚೆ ಬಂದು ಅದಕ್ಕೆ ತೂಕದ ಬಟ್ಟು ತೂಗುಹಾಕಿದೆ. ಹತ್ತು ಕಿಲೋಗೆ ಹತ್ತು ತೋರಿಸಿತು, ಇಪ್ಪತ್ತಕ್ಕೆ ಇಪ್ಪತ್ತು. ಕೂದಲೆಳೆಯಷ್ಟೂ ತಪ್ಪಿಲ್ಲ. ಉಪಕರಣ ಸರಿಯಾಗಿದೆಯೆಂದು ನಾನು ತಲೆಮೇಲೆ ಕೈ ಹೊತ್ತು ಕೂತದ್ದು ಅದೇ ಮೊದಲು. ಕೆಟ್ಟಿದ್ದರೆ ರಿಪೇರಿ ಮಾಡುತ್ತಿದ್ದೆ.

ನಮ್ಮ ಪ್ರೊಫೆಸರ್ ಮೇಡಂಗೆ ಹೇಳಿದೆ. ಪಾಪ, ಅವರೇ ಫೋನ್ ಮಾಡಿ ನರರೋಗದ ಡಾಕ್ಟರ ಹತ್ತಿರ ಆಗಸ್ಟ್ ಐದಕ್ಕೆ ಸಮಯ ಕೊಡಿಸಿದರು. "ತಡ ಮಾಡಬೇಡಿ, ಇದು ನಮ್ಮ ಲ್ಯಾಬಲ್ಲಿ ನೋಡೋ ವಿಷಯ ಅಲ್ಲ" ಅಂದರು.

ಅಷ್ಟರಲ್ಲಿ ನಾನೊಂದು ಕೆಲಸ ಮಾಡಿಬಿಟ್ಟಿದ್ದೆ. ಹದಿನೇಳು ಕಂಡ ದಿನದಿಂದ ಅವಳು ಹೊಲಿಗೆ ಯಂತ್ರಕ್ಕೆ ಮುಸುಕು ಹಾಕಿ ಗೋಡೆ ನೋಡುತ್ತ ಕೂರುತ್ತಿದ್ದಳು. ಮುಂದಿನ ಸಲ ಅವಳು ಹಿಂಡಿದ್ದು ಹದಿನಾರು. ಅಂಕಿ ಓದುವ ನೆಪದಲ್ಲಿ ಮೀಟರನ್ನು ನನ್ನ ಕಡೆ ತಿರುಗಿಸಿಕೊಂಡು ಕೆಂಪು ಮುಳ್ಳಿನ ತಿರುಪನ್ನು ಚೂರು ಮುಂದೆ ತಿರುವಿದೆ. "ನೋಡು, ಹತ್ತೊಂಬತ್ತು!" ಅವಳು ನಕ್ಕಳು. ಆಮೇಲೆ ಇಪ್ಪತ್ತೆರಡು ಮಾಡಿದೆ, ಇಪ್ಪತ್ನಾಲ್ಕು ಮಾಡಿದೆ. ನಿನಗೆ ಫೋನಿನಲ್ಲಿ ಹೇಳಿದ್ದೂ ಅವೇ. ನಿಜವಾದವು ಹದಿನಾರು, ಹದಿನಾಲ್ಕು, ಹನ್ನೆರಡು.

ಐದನೇ ತಾರೀಕು ಬೆಳಿಗ್ಗೆ ಆಟೋ ಕರೆದು ಬಂದರೆ ಅವಳು ಸೀರೆಯನ್ನೇ ಬದಲಿಸಿರಲಿಲ್ಲ. ಆಸ್ಪತ್ರೆಗೆ ತಾನೇ ಫೋನ್ ಮಾಡಿ ಬರುವುದಿಲ್ಲ ಎಂದಿದ್ದಳು. "ಇಪ್ಪತ್ನಾಲ್ಕಕ್ಕೆ ಬಂದಿದೀನಲ್ಲ, ಇನ್ನು ಡಾಕ್ಟರ್ ಯಾಕೆ? ಅಥವಾ ನಿಮ್ಮ ಮೀಟರ್ ಸುಳ್ಳು ಹೇಳುತ್ತಾ?" ಎಂದು ಕೇಳಿದಳು. ಆಟೋದವನನ್ನು ವಾಪಸು ಕಳಿಸಿದೆ.

ನೀನೇ ಬಂದು ಹೇಳಬೇಕು ಮಗಳೇ. ಅಪ್ಪ ಮೋಸ ಮಾಡಿದ ಅಂತಲೇ ಹೇಳು, ನನಗೇನೂ ಬೇಜಾರಿಲ್ಲ. ನಾನು ಹೇಳಲು ಬಾಯಿ ತೆರೆದಾಗಲೆಲ್ಲ ಟ್ರೆಡ್‌ಮಿಲ್ಲಿನ ಕಥೆ ಬರುತ್ತದೆ. ಅಳಿಯಂದಿರಿಗೆ ನನ್ನ ನೆನಪು ತಿಳಿಸು, ಮಗುವಿನ ಕೆನ್ನೆಗೊಂದು ಮುತ್ತು. ನೀವು ಮೂವರೂ ತಣ್ಣಗಿರಿ.

ನಿನ್ನ
ಅಪ್ಪ

ಮರೆತ ಮಾತು: ಮರೆತದ್ದಲ್ಲ, ನಿನ್ನೆ ರಾತ್ರಿ ನಡೆದದ್ದು. ಇಂದು ಮಂಗಳವಾರ, ಪತ್ರ ಇನ್ನೂ ಅಂಚೆಗೆ ಹಾಕಿಲ್ಲ. ಊಟಕ್ಕೆ ಕೂತಾಗ ನಿನ್ನ ಅಮ್ಮನಿಗೆ ನಾನೇ ಎಲ್ಲ ಹೇಳಿಬಿಟ್ಟೆ. ಅವಳು ಸಿಟ್ಟಾಗಲಿಲ್ಲ. "ನೀವು ಹೆಬ್ಬೆರಳಲ್ಲಿ ತಿರುಪು ತಿರುಗಿಸಿದ್ದು ಮೊದಲ ದಿನವೇ ಕಂಡಿತ್ತು ರೀ. ನನಗೆ ಹೋಗಿರೋದು ಕೈ, ಕಣ್ಣಲ್ಲ" ಅಂದಳು. "ಮತ್ತೆ ಯಾಕೆ ಸುಮ್ಮನಿದ್ದೆ?" ಅಂದೆ. "ಅಂಕಿ ಏರಿದ ದಿನ ನೀವು ಹೊಟ್ಟೆ ತುಂಬ ಊಟ ಮಾಡ್ತಿದ್ರಿ. ಡಾಕ್ಟರ್ ಏನಾದ್ರೂ ಅಂದುಬಿಟ್ರೆ ಅದೂ ನಿಂತುಹೋಗುತ್ತೆ ಅಂತ" ಅಂದಳು. ಆಸ್ಪತ್ರೆಗೆ ಫೋನ್ ಮಾಡಿ ಬೇಡ ಅಂದದ್ದೂ ಅದಕ್ಕೇ ಅಂತೆ. ಇವತ್ತು ಬೆಳಿಗ್ಗೆ ಆಸ್ಪತ್ರೆಗೆ ಫೋನ್ ಮಾಡಿ ಕೇಳಿದರೆ ಡಾಕ್ಟರ ಮುಂದಿನ ಸಮಯ ನವೆಂಬರಿಗೆ ಅನ್ನುತ್ತಾರೆ.