ಚಮಚವೂ ಕರಗಿತೇ?

ಬಂಡಬರ್ಗ್
ಮಾರ್ಚ್ 14, ಶನಿವಾರ

ಡೆಸ್,

ಕೆವಿನ್ ಮ್ಯಾಡಾಕ್ಸ್‌ನ ಅಂಗಳದ ಕಾರವಾನಿನಲ್ಲಿ ನಿನ್ನ ಬೆನ್ನುನೋವು ಹೇಗಿದೆ ಎಂದು ಕೇಳುವುದಿಲ್ಲ. ಆ ಹಾಸಿಗೆಯನ್ನು ನಾನು ನೋಡಿದ್ದೇನೆ.

ನಿನ್ನ ಕಾಗದವೂ ಜೊತೆಗಿದ್ದ ಮತಪತ್ರವೂ ತಲುಪಿದವು. ಎಲ್ಲಿ ಸಹಿ ಮಾಡಬೇಕು ಎಂದು ಪೆನ್ಸಿಲಿನಲ್ಲಿ ಗುರುತು ಹಾಕಿ ಕಳಿಸಿದ್ದೀಯ. ಮದುವೆಯಾದಾಗಿನಿಂದ ಈ ಮನೆಯ ತೆರಿಗೆ ಕಾಗದಗಳನ್ನೆಲ್ಲ ತುಂಬಿದವಳಿಗೆ ಈ ಉಪಕಾರ ಬೇಕಿರಲಿಲ್ಲ. ಸಹಿ ಮಾಡುವುದಿಲ್ಲ. ಕಬ್ಬಿನ ಸಿಪ್ಪೆಯಲ್ಲಿ ತಟ್ಟೆ ಮಾಡುವ ನಿಮ್ಮ ಕೇನ್‌ಫೋಲ್ಡ್ ಕಂಪನಿಯ ಷೇರುಗಳು ನಮ್ಮಿಬ್ಬರ ಹೆಸರಿನಲ್ಲಿವೆ, ಪಟ್ಟಿಯಲ್ಲಿ ನನ್ನ ಹೆಸರು ಮೊದಲಿದೆ, ಆದ್ದರಿಂದ ನನ್ನ ಮತವೇ ನಡೆಯುತ್ತದೆ. ಮೆಲ್ಬರ್ನಿನ ಆ ದೊಡ್ಡ ಪ್ಯಾಕಿಂಗ್ ಕಂಪನಿ ಕೇನ್‌ಫೋಲ್ಡನ್ನು ಕೊಳ್ಳಲಿ ಎಂದೇ ಶುಕ್ರವಾರ ಬ್ರಿಸ್ಬೇನಿನ ಸಭೆಯಲ್ಲಿ ನನ್ನ ಮತ ಬೀಳುತ್ತದೆ. ಅವರು ಕೊಡುವ ಬೆಲೆ ಅವಮಾನ ಎಂದು ಕೆವಿನ್ ಬರೆದಿದ್ದಾನೆ. ಇರಬಹುದು. ಆ ಅವಮಾನದಲ್ಲಿ ನನ್ನ ಅರ್ಧ ಕೈಗೆ ಬಂದರೆ ಈ ಮನೆಯಲ್ಲಿ ನಿನ್ನ ಪಾಲನ್ನು ಕೊಂಡು ನಾನು ಇಲ್ಲೇ ಇರಬಹುದು. ಬರದಿದ್ದರೆ ಗೇಟಿನ ಮುಂದೆ ಮಾರಾಟದ ಬೋರ್ಡು ನಿಲ್ಲುತ್ತದೆ. ಏಜೆಂಟನ್ನು ವೆರಾಂಡಾಕ್ಕೆ ಕರೆತಂದವನು ನೀನೇ, ಇದನ್ನು ನಾನು ವಿವರಿಸಬೇಕಿಲ್ಲ.

ನೀವು ಸಣ್ಣ ಹೂಡಿಕೆದಾರರು ಒಗ್ಗಟ್ಟಾಗಿ ನಿಂತರೆ ಈ ಮಾರಾಟವನ್ನು ತಡೆಯಬಹುದಂತೆ. ನಿಮ್ಮ ಒಗ್ಗಟ್ಟನ್ನು ನಾನು ಹತ್ತಿರದಿಂದ ಕಂಡವಳು. ಎರಡು ವರ್ಷ ಪ್ರತಿ ಗುರುವಾರ ನಿನ್ನ ಜೊತೆ ಬೌಲ್ಸ್ ಕ್ಲಬ್ಬಿನ ಹಿಂದಿನ ಕೋಣೆಗೆ ಬಂದೆನಲ್ಲ. ಭೂಮಿಯನ್ನು ಪ್ಲಾಸ್ಟಿಕ್ಕಿನಿಂದ ಪಾರುಮಾಡಲು ಸೇರಿದವರಿಗೆ ಗ್ವೆಂಡಾ ಪ್ಲಾಸ್ಟಿಕ್ ಡಬ್ಬಿಯಲ್ಲಿ ಕುಂಬಳಕಾಯಿ ಸ್ಕೋನ್ ತರುತ್ತಿದ್ದಳು. ಕೊನೆಗೆ ಕ್ಲಬ್ಬಿನ ಮಾಂಸದ ಲಾಟರಿ. ಗೆದ್ದವನು ಥರ್ಮೋಕೋಲ್ ತಟ್ಟೆಯ ಮೇಲೆ ಪ್ಲಾಸ್ಟಿಕ್ ಹಾಳೆ ಬಿಗಿದ ಸಾಸೇಜು, ಚಾಪ್ಸುಗಳನ್ನು ಕಂಕುಳಲ್ಲಿ ಇಟ್ಟುಕೊಂಡು ಸಂಭ್ರಮದಿಂದ ಮನೆಗೆ ಹೊರಡುತ್ತಿದ್ದ. ಇಷ್ಟಾದರೂ ಒಬ್ಬರಿಗೂ ನಗು ಬರದ ಮೇಜನ್ನು ನಾನು ಬೇರೆಲ್ಲೂ ಕಂಡಿಲ್ಲ.

ಷೇರು ಕುಸಿದ ಆ ಗುರುವಾರ ನೆನಪಿದೆಯೇ? ಕೆವಿನ್ ಎದ್ದು ನಿಂತ. ಮುಖ್ಯೋಪಾಧ್ಯಾಯನ ಕೆಲಸದಿಂದ ನಿವೃತ್ತನಾದರೂ ಅವನಿಗೆ ಎದುರು ಕೂತವರೆಲ್ಲ ಇನ್ನೂ ಐದನೇ ಕ್ಲಾಸು. "ಬಿದ್ದಿದೆ ಅಂದ್ರೆ ಅಗ್ಗಕ್ಕೆ ಸಿಗ್ತಿದೆ ಅಂತ ಅರ್ಥ ಕಣ್ರಯ್ಯಾ. ಇನ್ನಷ್ಟು ತಗೊಳ್ಳಿ, ನೀವು ಕೊಟ್ಟ ಬೆಲೆಯ ಆವರೇಜ್ ಇಳಿಯತ್ತೆ" ಎಂದ. ಗ್ವೆಂಡಾ ಕೈಯೆತ್ತಿ, "ಹಂಗಾದ್ರೆ ಸೊನ್ನೆಗೆ ಬಿದ್ರೆ ಆವರೇಜ್ ಇನ್ನೂ ಚೆನ್ನಾಗಿರತ್ತೆ, ಅಲ್ವಾ ಕೆವಿನ್?" ಎಂದು ಕೇಳಿದಳು. ಅವಳು ತಮಾಷೆ ಮಾಡಲಿಲ್ಲ. ಕೆವಿನ್ ಅದನ್ನು ಒಳ್ಳೆಯ ಪ್ರಶ್ನೆ ಎಂದ. ನೀನು ಬರೆದುಕೊಂಡೆ.

ಈಗ ತಟ್ಟೆಯ ವಿಷಯ. ಇದರ ಬಗ್ಗೆ ನಿನ್ನ ಕಾಗದದಲ್ಲಿ ಒಂದು ಸಾಲೂ ಇಲ್ಲ. ಆದರೆ ನೀನು ಮನೆ ಬಿಟ್ಟದ್ದು ಅಲ್ಲಿಂದಲೇ.

ಕೇನ್‌ಫೋಲ್ಡ್ ಕಂಪನಿಯ ಮ್ಯಾನೇಜಿಂಗ್ ಡೈರೆಕ್ಟರು ಇಸ್ತ್ರಿ ಕಾಣದ ಲಿನನ್ ಕೋಟಿನಲ್ಲಿ ಬಂದು ಎಲ್ಲರಿಗೂ ಕಬ್ಬಿನ ಸಿಪ್ಪೆಯ ತಟ್ಟೆ ಒಂದೊಂದನ್ನು ಹಂಚಿದ. ಹಿತ್ತಲ ಕಾಂಪೋಸ್ಟಿನಲ್ಲಿ ಹೂತು ನೋಡಿ, ತಾನಾಗಿ ಮಣ್ಣಾಗುತ್ತದೆ ಎಂದ. ಎಲ್ಲರೂ ಹೂತರು. ನೀನು ಮಾತ್ರ ಅದಕ್ಕೆ ಕಿತ್ತಳೆ ಬಣ್ಣದ ನೈಲಾನ್ ದಾರವನ್ನು ಅಡ್ಡ ಉದ್ದ ಸುತ್ತಿ, ಏಡಿ ಹಿಡಿಯುವ ಬುಟ್ಟಿಗೆ ಹಾಕುವ ಗಂಟನ್ನೇ ಹಾಕಿ, ದಾರದ ಇನ್ನೊಂದು ತುದಿಗೆ ನಮ್ಮಮ್ಮನ ಟೀ ಚಮಚ ಕಟ್ಟಿದೆ. ಹೂತ ಜಾಗ ಗುರುತು ಸಿಗಲೆಂದು ಚಮಚವನ್ನು ಮೇಲೆ ನೆಟ್ಟೆ. ಆಮೇಲೆ ನೀನು ದಿನಾ ಬೆಳಿಗ್ಗೆ ಪೈಜಾಮದಲ್ಲೇ ಹೋಗಿ ಅದನ್ನು ನೋಡಿ ಬರುತ್ತಿದ್ದೆ. ಗುಡ್ಡೆಗೆ ಒಂದು ಲೋಟ ನೀರು ಹಾಕಲಿಲ್ಲ, ಒಮ್ಮೆಯೂ ಅದನ್ನು ತಿರುವಿ ಹಾಕಲಿಲ್ಲ. ನೋಡಿದೆ, ಅಷ್ಟೇ.

ಉಳಿದವರ ತಟ್ಟೆಗಳು ಹೂತ ಹಾಗೇ ಇದ್ದವು. ಯಾರೂ ಬಾಯಿ ಬಿಡಲಿಲ್ಲ. ಗ್ವೆಂಡಾ ತನ್ನದನ್ನು ತೆಗೆದು ತೊಳೆದು ಲೆಟಿಸ್ ಸಸಿ ಹಾಕಿಕೊಂಡಳು. ನಿನ್ನದು ಮಾತ್ರ ಸೆಪ್ಟೆಂಬರಿನ ಒಂದು ಶನಿವಾರ ಮಾಯವಾಯಿತು. ಮಣ್ಣಿನ ಕೈಯಲ್ಲೇ ಅಡಿಗೆಮನೆಗೆ ನುಗ್ಗಿ, "ನೋಲಿ, ಹೋಯ್ತು ಕಣೇ! ಇಡೀ ತಟ್ಟೆ ಮಣ್ಣಾಗೋಯ್ತು, ಒಂದು ಚೂರೂ ಇಲ್ಲ!" ಎಂದು ಕೂಗಿದೆ. ನಾನು "ಚಮಚ ಎಲ್ಲಿ?" ಎಂದೆ. "ಯಾವ ಚಮಚ?" ಎಂದೆ ನೀನು. "ನಮ್ಮಮ್ಮಂದು. ತಟ್ಟೆ ಕರಗ್ತು, ಸರಿ. ಚಮಚಾನೂ ಕರಗ್ತಾ? ನೈಲಾನ್ ದಾರಾನೂ ಕರಗ್ತಾ?" ಎಂದೆ. "ಇಂಥಾ ಹೊತ್ತಲ್ಲಿ ಚಮಚ ಕೇಳ್ತೀಯಲ್ಲೇ, ಎಂಥಾ ಹೆಂಗಸು ನೀನು" ಎಂದು ಹೇಳಿ ಕೆವಿನ್‌ಗೆ ಫೋನ್ ಮಾಡಲು ಹೋದೆ.

ಮರುದಿನವೇ ನಾನು ಕಂಡೆ. ಕಾಡು ಟರ್ಕಿ ನಮ್ಮ ಕಾಂಪೋಸ್ಟನ್ನು ಕಾಲಿನಿಂದ ಹಿಂದಕ್ಕೆ ಒದೆಯುತ್ತ, ಬೇಲಿಯ ಸಂದಿಯಿಂದ ಆಚೆಯ ಖಾಲಿ ಸೈಟಿಗೆ ಸಾಗಿಸುತ್ತಿತ್ತು. ಅಲ್ಲಿ ಅತ್ತಿಮರದ ಕೆಳಗೆ ಮೊಟ್ಟೆಗಳಿಗೆಂದು ಅದು ಕಟ್ಟಿದ ಎದೆಯೆತ್ತರದ ಗುಡ್ಡೆಯಿಂದ ಕಿತ್ತಳೆ ದಾರದ ತುದಿ ಹೊರಗೆ ಚಾಚಿಕೊಂಡಿತ್ತು. ನಿನ್ನನ್ನು ಕರೆದೆ. ನೀನು ಬೇಲಿಯವರೆಗೂ ಬರಲಿಲ್ಲ. "ಮೊಟ್ಟೆಯಿಟ್ಟ ಗುಡ್ಡೆ ಮುಟ್ಟಿದ್ರೆ ದಂಡ ಹಾಕ್ತಾರೆ" ಎಂದೆ. ಅದು ನಿಜ. ಕಣ್ಣಿನಿಂದ ನೋಡಿದರೆ ದಂಡವಿರಲಿಲ್ಲ.

ಆ ಗುರುವಾರ ಎಲ್ಲರೂ ನಿನಗೆ ಚಪ್ಪಾಳೆ ತಟ್ಟಿದರು. ನಾನು ಎದ್ದು ಟರ್ಕಿಯ ವಿಷಯ ಹೇಳಿದೆ. ಕೆವಿನ್ ಕನ್ನಡಕ ತೆಗೆದು, "ನೋಡಮ್ಮಾ ನೋಲೀನ್, ಒಂದು ಕಡೆ ವಿಜ್ಞಾನ ಇದೆ, ಇನ್ನೊಂದು ಕಡೆ ಕೋಳಿ ಇದೆ. ನಾವು ಯಾರನ್ನ ನಂಬೋಣ?" ಎಂದ. ಮೇಜೇ ನಕ್ಕಿತು. ಮಾಂಸದ ಲಾಟರಿಗೆ ನಗದವರು ಇದಕ್ಕೆ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವನು ನೀನು. ನಿನ್ನ ತಟ್ಟೆಯನ್ನು ನಂಬಿ ಅವರೆಲ್ಲ ಇನ್ನಷ್ಟು ಷೇರು ಕೊಂಡರು. ನೀನು ದೋಣಿ ಮಾರಿ ಷೇರು ಕೊಂಡೆ. ಕ್ರಿಸ್‌ಮಸ್ಸಿಗೆ ಮುಂಚೆ ಕಾರವಾನಿಗೆ ಹೋದೆ, ನಂಬಿಕೆಯಿಲ್ಲದವರ ಜೊತೆ ಬಾಳುವುದು ಕಷ್ಟ ಎಂದು ಹೇಳಿ.

ನೀನಿಲ್ಲದ ಬೇಸಿಗೆಯಲ್ಲಿ ನಾನು ಆ ಹಕ್ಕಿಯನ್ನು ನೋಡುತ್ತ ಕಾಲ ಕಳೆದೆ. ಒದ್ದೆ ಎಲೆ ಕೊಳೆತು ಹುಟ್ಟುವ ಕಾವಿನಲ್ಲೇ ಅದರ ಮೊಟ್ಟೆಗಳು ಮರಿಯಾಗುತ್ತವೆ. ಗುಡ್ಡೆ ಕಾಯುವುದು ಗಂಡು. ದಿನವೂ ಕೊಕ್ಕನ್ನು ಒಳಗೆ ತೂರಿ ಕಾವು ನೋಡುತ್ತದೆ. ಹೆಚ್ಚಾದರೆ ಮೇಲಿನ ಎಲೆ ಕೆದರುತ್ತದೆ, ಕಡಿಮೆಯಾದರೆ ಮತ್ತೆ ಹೊದಿಸುತ್ತದೆ. ಯಾರಿಗೂ ಭಾಷಣ ಮಾಡುವುದಿಲ್ಲ. ನಿಮ್ಮ ಗುಂಪಿನಲ್ಲಿ ಅದಕ್ಕೊಂದು ಕುರ್ಚಿ ಕೊಟ್ಟಿದ್ದರೆ ಸಭೆಯ ಮಟ್ಟ ಏರುತ್ತಿತ್ತು.

ಈಗ ಮರಿಗಳು ಹೊರಟುಹೋಗಿವೆ, ಹಕ್ಕಿಯೂ ಗುಡ್ಡೆ ಬಿಟ್ಟಿದೆ. ಮುಟ್ಟಿದರೆ ಯಾರ ಅಡ್ಡಿಯೂ ಇಲ್ಲ. ನಾಳೆ ಬೆಳಿಗ್ಗೆ ಹೋಗಿ ಆ ತಟ್ಟೆಯನ್ನು ಅಗೆದು ತೆಗೆದು, ತೊಳೆಯದೆ, ಈ ಕಾಗದದ ಜೊತೆ ಕಳಿಸುತ್ತೇನೆ. ಗುರುವಾರ ಅದನ್ನು ಮೇಜಿನ ಮೇಲಿಡು. ಕೆವಿನ್ ಅದರಲ್ಲಿ ಸ್ಕೋನ್ ತಿನ್ನಲಿ. ಆಮೇಲೆ ಶುಕ್ರವಾರ ಎಲ್ಲರೂ ಬುದ್ಧಿ ಇಟ್ಟುಕೊಂಡು ಮತ ಹಾಕಿ, ಸಿಕ್ಕಷ್ಟನ್ನು ತೆಗೆದುಕೊಂಡು ಮನೆಗೆ ಹೋಗಿ. ಮನೆ ಇರುವವರು.

ಷೇರುಪಟ್ಟಿಯಲ್ಲಿ ನಿನಗಿಂತ ಮೊದಲಿನವಳು,
ನೋಲೀನ್

ತಾ.ಕ. ಭಾನುವಾರ.
ಅಗೆದೆ. ಮೊದಲು ಚಮಚ ಸಿಕ್ಕಿತು, ಕಪ್ಪಾಗಿದೆ, ಉಜ್ಜಿದರೆ ಹೋಗುತ್ತದೆ. ಅದರ ಹಿಂದೆಯೇ ದಾರ ಬಂತು. ಅಡ್ಡ ಉದ್ದ ಸುತ್ತಿದ ಸುತ್ತು ಹಾಗೇ ಇದೆ, ನಿನ್ನ ಏಡಿ ಬುಟ್ಟಿಯ ಗಂಟು ಬಿಗಿಯಾಗಿಯೇ ಇದೆ. ಒಳಗೆ ತಟ್ಟೆ ಇಲ್ಲ. ಆ ಸುತ್ತಿನಿಂದ ಯಾರೂ ತಟ್ಟೆಯನ್ನು ಜಾರಿಸಿ ತೆಗೆಯಲಾರರು, ಹಕ್ಕಿಯಂತೂ ಅಲ್ಲ. ಸುತ್ತಲಿನ ಮಣ್ಣನ್ನೆಲ್ಲ ಕೈಯಲ್ಲೇ ಜರಡಿ ಹಿಡಿದೆ, ಒಂದು ಚೂರಾದರೂ ಸಿಗಲೆಂದು. ಮಣ್ಣೇ ಇತ್ತು.

ಅಂದರೆ ಕೇನ್‌ಫೋಲ್ಡಿನವರು ಹೇಳಿದ್ದು ಪೂರ್ತಿ ಸುಳ್ಳಲ್ಲ. ಆ ಹಕ್ಕಿಯ ಹಾಗೆ ಬೆಚ್ಚಗೆ, ಒದ್ದೆಯಾಗಿ ನೋಡಿಕೊಳ್ಳುವವರು ಬೇಕಿತ್ತು. ನೀನು ಹೇಳಿದ್ದು ನಿಜವಾಯಿತು, ಅದು ಹೇಗೆ ನಿಜ ಎಂಬುದು ನಿನಗೆ ಗೊತ್ತೇ ಇರಲಿಲ್ಲ. ಇದನ್ನು ಮಾತ್ರ ನನಗೆ ಕ್ಷಮಿಸಲು ಆಗುತ್ತಿಲ್ಲ.

ನನ್ನ ಮತ ಬದಲಾಗುವುದಿಲ್ಲ. ನನಗೆ ಈ ಮನೆ ಬೇಕು. ದಾರವನ್ನು ಬಾರ್ಬಿಕ್ಯೂ ಒಲೆಗೆ ಹಾಕಿದ್ದರೆ ಮುಗಿಯುತ್ತಿತ್ತು, ಹಿಡಿದುಕೊಂಡು ಒಲೆಯ ಮುಂದೆ ಸ್ವಲ್ಪ ಹೊತ್ತು ನಿಂತೂ ಇದ್ದೆ. ಆದರೆ ಕಂಡದ್ದನ್ನು ಮುಚ್ಚಿಟ್ಟು ಗೆದ್ದರೆ ನಾನೂ ನಿಮ್ಮ ಆ ಮೇಜಿನಲ್ಲೇ ಕೂತಂತೆ. ಇದನ್ನು ಗುರುವಾರ ತೋರಿಸಿದರೆ ಅವರೆಲ್ಲ ನಿನ್ನ ಕಡೆ ಮತ ಹಾಕುತ್ತಾರೆ, ಮಾರಾಟ ನಿಲ್ಲುತ್ತದೆ, ನಾನು ಪೆಟ್ಟಿಗೆ ಕಟ್ಟಬೇಕಾಗುತ್ತದೆ. ಗೊತ್ತಿದ್ದೇ ಕಳಿಸುತ್ತಿದ್ದೇನೆ.

ಚಮಚ ನನ್ನ ಹತ್ತಿರ ಇರುತ್ತದೆ. ದಾರ ಈ ಲಕೋಟೆಯಲ್ಲಿದೆ. ಗಂಟು ಬಿಚ್ಚಬೇಡ. ಬಿಚ್ಚಿದರೆ ಅದು ಬರೀ ದಾರ.