ಬಾಗಿದ ಕಪಾಟು

ಅಪ್ಪಾ,

‘ಗೋಡೆ ಬಾಗಿದಂತೆ ಮರವೂ ಬಾಗಬೇಕು’ ಎಂದು ನೀನು ಹೇಳುತ್ತಿದ್ದೆ. ಮರ ಎಂದೆಯೋ, ಮನುಷ್ಯ ಎಂದೆಯೋ? ಈಗ ಕೇಳುವುದಕ್ಕೆ ನೀನಿಲ್ಲ.

ಇವತ್ತು ಲುಕ್ಕಾ ಊರಿನ ಕೋಟೆಯಾಚೆಗಿನ ಫ್ಲ್ಯಾಟಿಗೆ ಬಂದೆ. ನಮ್ಮ ಹಳೆಯ ಮನೆ ರೋಮನ್ನರ ಅಂಡಾಕಾರದ ಬಯಲುರಂಗದ ಗೋಡೆಗೇ ಅಂಟಿಸಿ ಕಟ್ಟಿದ್ದಲ್ಲವೇ, ಅಲ್ಲಿ ಒಂದು ಕೋಣೆಯೂ ನೇರವಾಗಿರಲಿಲ್ಲ. ಆ ಬಾಗಿಗೆ ಸರಿಯಾಗಿ ನೀನು ಬೆನ್ನು ಉಬ್ಬಿಸಿ ಮಾಡಿದ ಪುಸ್ತಕದ ಕಪಾಟನ್ನು ಇಲ್ಲಿ ನಿಲ್ಲಿಸಿದರೆ ನಡು ಮಾತ್ರ ಗೋಡೆಗೆ ತಾಗಿತು. ತುದಿಗಳೆರಡೂ ಗೇಣುದೂರ ನಿಂತವು.

“ಕಪಾಟೇನಮ್ಮಾ ಇದು, ದೋಣಿನಾ?” ಎಂದು ಹೊತ್ತು ತಂದ ಡುಚ್ಚೊ ನಕ್ಕ. ಅವನು ಹೋದ ಮೇಲೆ ಮೂರು ಸಲ ತಳ್ಳಿ ನೋಡಿ, ಸೋತು ನೆಲದ ಮೇಲೆ ಕೂತೆ.

ಕಪಾಟಿಗೆ ಎಣ್ಣೆ ಹಚ್ಚಿದೆಯಾ ಎಂದು ಆಸ್ಪತ್ರೆಯಲ್ಲಿ ನೀನು ದಿನವೂ ಕೇಳುತ್ತಿದ್ದೆ. ಹಚ್ಚಿದೆ ಎಂದು ನಾನು ಹೇಳುತ್ತಿದ್ದೆ. ನಿನಗೆ ಹೇಳದೆ ಮನೆ ಮಾರಿ, ಕಪಾಟನ್ನು ಗೋದಾಮಿಗೆ ಹಾಕಿ ಆಗಲೇ ತಿಂಗಳಾಗಿತ್ತು.

ಸಂಜೆ ಕೆಳಮನೆಯ ಎರ್ಸಿಲಿಯಾ ಬಿಸಿ ಸೂಪು ಹಿಡಿದು ಬಾಗಿಲಲ್ಲಿ ನಿಂತವಳು, ಕಪಾಟನ್ನೇ ನೋಡಿದಳು.

“ನೀನೂ ಬಯಲುರಂಗದ ಮನೆಯವಳಾ? ನನ್ನ ಮಂಚದ ತಲೆಹಲಗೆನೂ ಹಿಂಗೇ. ಇಲ್ಲಿಗೆ ಬಂದು ಹನ್ನೊಂದು ವರ್ಷ ಆಯ್ತು ಕಣೇ, ಈಗಲೂ ಕಸ ಗುಡಿಸುವಾಗೆಲ್ಲ ಒಂದ್ಸಲ ಅದನ್ನ ಗೋಡೆಗೆ ಒತ್ತಿ ನೋಡ್ತೀನಿ.”