ಏಳು ಅಕ್ಷರಕ್ಕೆ ಕತ್ತರಿಸಿದ ಹೆಸರು

ಕೆಳಪೇಟೆ, ಮೂರನೇ ಅಂತಸ್ತು
ಕೆಳಗಿಳಿದ ನೂರ ಹದಿನಾರನೇ ವರ್ಷ, ಹದಿಮೂರನೇ ತಿಂಗಳ ನಾಲ್ಕನೇ ದಿನ

"ಸಾಧ್ಯತೆ ತೀರಾ ಕಡಿಮೆ" ಎಂದು ಮತ್ತೆ ಮತ್ತೆ ಹೇಳಬೇಡಿ ಸ್ವಾಮಿ. ಯಾರಿಗೆ ಕಡಿಮೆ? ನಿಮಗೆ ಕಡಿಮೆ. ನೀವು ಆ ಸಾಲು ಬರೆದು, ಎದ್ದು, ಚಹಾ ಕುಡಿದು ಮನೆಗೆ ಹೋದಿರಿ. ನನ್ನ ಅಕ್ಕ ದ್ಯಾವಮ್ಮನಿಗೆ ಅದು ಕಡಿಮೆಯಾಗಲಿಲ್ಲ. ಅವಳ ಬಾಗಿಲು ಪೂರ್ತಿಯೇ ಮುಚ್ಚಿಕೊಂಡಿತು.

ನೀವು ಗಂಡಸೋ ಹೆಂಗಸೋ ನನಗೆ ಗೊತ್ತಿಲ್ಲ. ನಮಗೆ ಗಾಳಿ ಹಂಚುವ ಯಂತ್ರದೊಳಗೆ ನಿಮ್ಮ ಹೆಸರಿಲ್ಲ, ಎಷ್ಟೋ ವರ್ಷದ ಹಿಂದೆ ನೀವು ಬರೆದಿಟ್ಟ ಮಾತು ಮಾತ್ರ ಇದೆ. ನಮ್ಮ ಕೆಲವು ಶಬ್ದಗಳು ನಿಮಗೆ ವಿಚಿತ್ರ ಅನ್ನಿಸಬಹುದು, ಅದಕ್ಕೆ ಕ್ಷಮಿಸಿ. ಉಳಿದ ಯಾವುದಕ್ಕೂ ನಾನು ಕ್ಷಮೆ ಕೇಳುವುದಿಲ್ಲ. ನನ್ನ ಹೆಸರು ಯಂಕೋಬ. ವಯಸ್ಸು ಇಪ್ಪತ್ತೆರಡು. ಹತ್ತನೇ ತರಗತಿವರೆಗೆ ಓದಿದ್ದೇನೆ, ಗಾಳಿ ತಳ್ಳುವ ಫ್ಯಾನುಗಳ ರೆಕ್ಕೆ ಒರೆಸುವ ಕೆಲಸ ಮಾಡುತ್ತೇನೆ.

ಮೇಲೆ ಬಿಸಿಲು ತಡೆಯಲಾಗದ ಕಾಲಕ್ಕೆ ನಮ್ಮ ಹಿರಿಯರು ಹಳೆಯ ಚಿನ್ನದ ಗಣಿಯೊಳಗೆ ಇಳಿದು ಊರು ಕಟ್ಟಿದರು. ಅದೇ ಕೆಳಪೇಟೆ. ಹನ್ನೆರಡು ತಿಂಗಳಲ್ಲಿ ಬಿಸಿಲು ಮುಗಿಯದ ಕಾರಣ ಹದಿಮೂರನೆಯದೊಂದನ್ನು ಸೇರಿಸಿಕೊಂಡಿದ್ದೇವೆ. ಆ ತಿಂಗಳಲ್ಲಿ ಮೇಲೆ ಹೋದವರು ಸಾಮಾನ್ಯವಾಗಿ ವಾಪಸ್ ಬರುವುದಿಲ್ಲ. ಒಂಬತ್ತು ಅಂತಸ್ತು, ಇಪ್ಪತ್ತು ಸಾವಿರ ಜನ. ಒಬ್ಬೊಬ್ಬರಿಗೂ ಒಂದು ಗೂಡು, ಗೂಡಿಗೆ ಒಂದು ಗಾಳಿಗಂಡಿ. ಆ ಗಂಡಿಯನ್ನು ತೆರೆದಿಡುವುದು ಹುಸಿತಂತಿ. ಕೈಗೆ ಸಿಗುವ ತಂತಿ ಅಲ್ಲ ಅದು. ತಂತಿ ಇದೆ ಎಂದು ಯಂತ್ರ ನಂಬಿಕೊಂಡಿರುತ್ತದೆ, ಆ ನಂಬಿಕೆಯ ಮೇಲೆ ಗಾಳಿ ಬರುತ್ತದೆ. ಒಂದು ತಂತಿಗೆ ಒಬ್ಬರ ಉಸಿರು. ಯಂತ್ರ ನಂಬಿಕೆ ಬಿಟ್ಟರೆ ಗಂಡಿ ಮುಚ್ಚುತ್ತದೆ.

ಇಂಥ ತಂತಿಗೆ ಹೆಸರಿಡುವ ಕ್ರಮ ಮಾಡಿದವರು ನೀವು. ಹೆಸರು ಹದಿನೈದು ಅಕ್ಷರ ಮೀರಬಾರದು ಎಂಬ ಕಟ್ಟಳೆ ನಿಮಗಿಂತ ಹಿಂದಿನದಂತೆ, ಆಗಲಿ, ಅದನ್ನು ನಿಮ್ಮ ತಲೆಗೆ ಕಟ್ಟುವುದಿಲ್ಲ. ಆದರೆ ಆ ಹದಿನೈದರಲ್ಲಿ ಎಂಟನ್ನು ಎಲ್ಲರಿಗೂ ಒಂದೇ ಆಗಿರುವ ಗುರುತಿಗೆ ಸುರಿದವರು ನೀವೇ. ಉಳಿದದ್ದು ಏಳು. ಮನುಷ್ಯನ ಹುಟ್ಟಿನ ಉದ್ದ ನಂಬರನ್ನು ಲೆಕ್ಕದ ಗಿರಣಿಗೆ ಹಾಕಿ ಬೀಸಿದಿರಿ, ಬಂದ ಹಿಟ್ಟಿನಲ್ಲಿ ಮೊದಲ ಏಳು ಅಕ್ಷರ ಇಟ್ಟುಕೊಂಡು ಉಳಿದದ್ದನ್ನು ಚೆಲ್ಲಿದಿರಿ. ಅದರ ಪಕ್ಕದಲ್ಲಿ ಬರೆದಿರಿ: ಎರಡು ಒಂದೇ ಆಗುವ ಸಾಧ್ಯತೆ ತೀರಾ ಕಡಿಮೆ, ಸದ್ಯಕ್ಕೆ ಇಷ್ಟು ಸಾಕು.

ಈ ಮಾತು ಇಲ್ಲಿ ಎಲ್ಲರಿಗೂ ಬಾಯಿಪಾಠ. ನಮ್ಮ ಶಾಲೆಯಲ್ಲಿ ಯಂತ್ರದ ಬರಹವನ್ನು ಮಗ್ಗಿಯ ಹಾಗೆ ಕೂಗಿ ಹೇಳಿಸುತ್ತಾರೆ. ಸಣ್ಣ ಮಕ್ಕಳು ಬೆಳಿಗ್ಗೆ ಕೈಕಟ್ಟಿ ನಿಂತು "ಸದ್ಯಕ್ಕೆ ಇಷ್ಟು ಸಾಕು" ಎಂದು ರಾಗ ಎಳೆಯುತ್ತಾರೆ. ಅರ್ಥ ಯಾರೂ ಕೇಳುವುದಿಲ್ಲ. ಹತ್ತನೇ ತರಗತಿಯಲ್ಲಿ ನಾನು ಕೇಳಿದೆ. ನಮ್ಮ ಗಣಿತದ ಅಕ್ಕೋರು ಚೆನ್ನಬಸಮ್ಮ ಹಲಗೆಯ ಮೇಲೆ ಲೆಕ್ಕ ಬಿಡಿಸಿ ತೋರಿಸಿದರು. ಒಂದೊಂದು ಜಾಗಕ್ಕೆ ಹದಿನಾರು ಗುರುತು, ಏಳು ಜಾಗ. ಇಪ್ಪತ್ತಾರು ಕೋಟಿ ಚಿಲ್ಲರೆ ಹೆಸರು. ಇಪ್ಪತ್ತು ಸಾವಿರ ಮಂದಿಗೆ ಅಷ್ಟು ಸಾಲದೇ ಎಂದು ಇಡೀ ತರಗತಿ ನಕ್ಕಿತು. "ನಗಬ್ಯಾಡ್ರಲೇ," ಎಂದರು ಅವರು, "ಮಂದಿ ಎಣಸಬ್ಯಾಡ್ರಿ, ಜೋಡಿ ಎಣಸ್ರಿ." ಜೋಡಿ ಎಣಿಸಿದರೆ ಇಪ್ಪತ್ತು ಕೋಟಿ. ಎಲ್ಲೋ ಒಂದು ಜೋಡಿ ಡಿಕ್ಕಿ ಹೊಡೆಯುವ ಸಾಧ್ಯತೆಯೇ ಹೊಡೆಯದಿರುವುದಕ್ಕಿಂತ ಹೆಚ್ಚು ಎಂದು ಒಂದು ಹಲಗೆಯಲ್ಲಿ ತಿಳಿಯಿತು. ಹತ್ತನೇ ತರಗತಿಯ ಲೆಕ್ಕ ಸ್ವಾಮಿ. ನೀವು ಎಷ್ಟು ಓದಿದ್ದಿರಿ?

ಆ ಜೋಡಿ ನನ್ನ ಅಕ್ಕ ಮತ್ತು ಏಳನೇ ಅಂತಸ್ತಿನ ಕರಿಲಿಂಗಪ್ಪ ಎಂಬ ಮುದುಕ. ಇಬ್ಬರ ತಂತಿಗೂ ಒಂದೇ ಹೆಸರು. ಯಂತ್ರಕ್ಕೆ ಒಂದೊಂದು ಅಂತಸ್ತೂ ಬೇರೆ ಬೇರೆ ಊರು. ಎರಡನೇ ಅಂತಸ್ತಿನಲ್ಲಿದ್ದ ಅಕ್ಕನ ತಂತಿಯೂ ಏಳನೆಯದರಲ್ಲಿದ್ದ ಅವನ ತಂತಿಯೂ ಮೂವತ್ತಾರು ವರ್ಷ ಒಂದನ್ನೊಂದು ಕಾಣದೆ ಇದ್ದವು. ಒಂಬತ್ತು ದಿನದ ಹಿಂದೆ ಮುದುಕ ತೀರಿಕೊಂಡ.

ನಮ್ಮಲ್ಲಿ ಸತ್ತವರ ತಂತಿ ಇಳಿಸುವ ಶಾಸ್ತ್ರವಿದೆ. ಹೆಣಕ್ಕೆ ಹೆಗಲು ಕೊಟ್ಟವನು ಸ್ನಾನ ಮಾಡಿ ಒದ್ದೆ ಬಟ್ಟೆಯಲ್ಲೇ ಕಚೇರಿಗೆ ಬಂದು ತಂತಿಯ ಹೆಸರನ್ನು ಮೂರು ಸಲ ಕೂಗಿ, ತೆಗೆ ಅನ್ನಬೇಕು. ಅಂತಸ್ತು ಹೇಳುವಂತಿಲ್ಲ, ಗೂಡಿನ ಗುರುತು ಹೇಳುವಂತಿಲ್ಲ. ಹೇಳಿದರೆ ಸಾವು ದಾರಿ ಕಲಿತು ಅದೇ ಸಾಲಿಗೆ ಮತ್ತೆ ಬರುತ್ತದೆ ಎಂಬ ಭಯ. ಮುದುಕನ ಅಳಿಯ ಹಾಗೆಯೇ ಕೂಗಿದ. ಯಂತ್ರ ಮೊದಲ ಅಂತಸ್ತಿನಿಂದ ಹುಡುಕುತ್ತ ಬಂತು. ಎರಡನೆಯದರಲ್ಲಿ ಆ ಹೆಸರು ಸಿಕ್ಕಿತು, ತೆಗೆದುಹಾಕಿತು. ಮುಂದೆ ನೋಡಲೇ ಇಲ್ಲ. ಏಳನೇ ಅಂತಸ್ತಿನಲ್ಲಿ ಸತ್ತವನ ಖಾಲಿ ಗೂಡಿಗೆ ಇವತ್ತಿಗೂ ತಂಪು ಗಾಳಿ ಬೀಸುತ್ತಿದೆ. ಸಾವಾದ ಗೂಡಿಗೆ ಮೊಳೆ ಹೊಡೆಯುತ್ತಾರೆ, ವರ್ಷದವರೆಗೆ ಯಾರೂ ಕಾಲಿಡುವಂತಿಲ್ಲ.

ಅಕ್ಕ ಆ ಹೊತ್ತಿಗೆ ರೊಟ್ಟಿ ಬಡಿಯುತ್ತಿದ್ದಳು. ಗಂಡಿ ಮುಚ್ಚಿತು, ಗೂಡು ಖಾಲಿಯೆಂದು ಯಂತ್ರ ಹಿಂದೆಯೇ ಬಾಗಿಲನ್ನೂ ಬಿಗಿಯಿತು. ಪಕ್ಕದ ಗೂಡಿನ ಮಾಬಮ್ಮ ಬಡಿತದ ಸದ್ದು ನಿಂತದ್ದನ್ನು ಗಮನಿಸಿ ಕೂಗಿಕೊಂಡದ್ದರಿಂದ ನಾಲ್ಕು ಜನ ಹಾರೆ ಹಾಕಿ ಬಾಗಿಲು ಕಿತ್ತರು. ಹೊರಗೆ ಎಳೆದಾಗ ಅಕ್ಕನ ತುಟಿ ನೀಲಿಯಾಗಿತ್ತು. ಕಣ್ಣು ಬಿಟ್ಟು ಮೊದಲು ಹೇಳಿದ್ದು, "ರೊಟ್ಟಿ ಹೊತ್ತಿತೇನು ನೋಡ್ರೇ."

ಅವಳನ್ನು ನನ್ನ ಗೂಡಿಗೆ ಕರೆತಂದು ಕಚೇರಿಗೆ ಓಡಿದೆ. ಹೊಸ ತಂತಿ ಕೊಡಿ ಎಂದೆ. ಗುಮಾಸ್ತ ಅಮರಗುಂಡಪ್ಪ ಅವಳ ನಂಬರನ್ನು ಗಿರಣಿಗೆ ಹಾಕಿದ. ಅದೇ ಕಾಳು, ಅದೇ ಹಿಟ್ಟು. ಅದೇ ಏಳು ಅಕ್ಷರ ಬಂದವು. ಆ ಹೆಸರು ಈಗ ಸತ್ತವರ ಪಟ್ಟಿಯಲ್ಲಿದೆ, ಸತ್ತ ಹೆಸರನ್ನು ಮತ್ತೆ ಕೊಡುವಂತಿಲ್ಲ ಎಂದು ಯಂತ್ರ ಮುಖ ತಿರುಗಿಸಿತು. ಆರು ಸಲ ಹಾಕಿಸಿದೆ. ಆರು ಸಲವೂ ಅದೇ.

"ನೋಡಪಾ ಯಂಕೋಬ," ಎಂದ ಅಮರಗುಂಡಪ್ಪ, "ನಿಮ್ಮಕ್ಕ ಸತ್ತಾಳಂತ ನಾ ಅನ್ನಂಗಿಲ್ಲ. ಆದ್ರ ಬದುಕ್ಯಾಳಂತ ಬರಿಯಾಕ ಇದ್ರಾಗ ಜಾಗ ಇಲ್ಲ."

"ಆಕೀನ್ನ ಕರ್ಕೊಂಡು ಬಂದು ನಿನ್ನ ಮುಂದ ಕುಂದ್ರಿಸ್ಲೇನು?"

"ಕುಂದ್ರಿಸು. ಚಹಾ ಕುಡಿಸಿ ಕಳಸ್ತೀನಿ. ತಂತಿ ಎಲ್ಲಿಂದ ತರ್ಲಿ?"

ಹೊಸ ಹೆಸರನ್ನು ಕೈಯಿಂದ ಬರೆದುಕೊಡು ಎಂದೆ. ಅವನು ನಾಲಿಗೆ ಕಚ್ಚಿಕೊಂಡ. ನನ್ನ ಮುತ್ತಜ್ಜನ ಕಾಲದಲ್ಲಿ ಯಾರೋ ಯಂತ್ರದ ಒಂದು ಸಾಲು ತಿದ್ದಿ ಅರ್ಧ ದಿನ ಫ್ಯಾನು ನಿಂತು ನಲವತ್ತು ಜನ ಹೋದರು. ಅಂದಿನಿಂದ ನಿಮ್ಮ ಬರಹಕ್ಕೆ ಮುದ್ರೆ ಬಿದ್ದಿದೆ, ಯಾರೂ ಮುಟ್ಟುವಂತಿಲ್ಲ. ನೀವು "ಸದ್ಯಕ್ಕೆ" ಎಂದದ್ದನ್ನು ನಾವು ಶಾಶ್ವತ ಮಾಡಿಕೊಂಡೆವು. ಈ ತಪ್ಪು ನಮ್ಮದು, ಒಪ್ಪುತ್ತೇನೆ. ಆದರೆ ಸದ್ಯಕ್ಕೆ ಎಂದು ಬರೆದವರು ಒಮ್ಮೆಯಾದರೂ ತಿರುಗಿ ಬಂದು ನೋಡಬೇಕಲ್ಲವೇ? ನೀವು ಯಾಕೆ ಬರಲಿಲ್ಲ?

ಒಂದು ತಂತಿಯ ಕೆಳಗೆ ಇಬ್ಬರು ಒಂಬತ್ತು ದಿನ ಇರಬಹುದು. ಅದು ನೆಂಟರಿಗೆಂದು ಬಿಟ್ಟ ಗಾಳಿ. ಹತ್ತನೇ ದಿನ ತಂತಿ ಇಲ್ಲದವರನ್ನು ಮೇಲಕ್ಕೆ ಕಳಿಸುತ್ತಾರೆ. ಇವತ್ತು ಒಂಬತ್ತನೆಯದು. ಬೆಳಿಗ್ಗೆ ಅಕ್ಕ ತನ್ನ ಸೀರೆ ಗಂಟು ಕಟ್ಟಿಟ್ಟಳು. ನಾನು ಬಿಚ್ಚಿದೆ. ಅವಳು ಮತ್ತೆ ಕಟ್ಟಿದಳು. "ಏ ಯಂಕ್ಯಾ, ನನಗ ಮೂವತ್ತಾರು ಆತು, ಉಂಡೀನಿ, ಉಟ್ಟೀನಿ. ನಿನಗಿನ್ನೂ ಮೀಸಿನೂ ನೆಟ್ಟಗ ಬಂದಿಲ್ಲ, ನನ್ನ ಮುಂದ ದೊಡ್ಡಸ್ತಿಕಿ ಮಾಡಬ್ಯಾಡ" ಎಂದು ಬೈದಳು. ಅವ್ವ ಸತ್ತ ಮೇಲೆ ನನ್ನನ್ನು ಸಾಕಿದವಳು ಅವಳು. ಬೈಯುವ ಹಕ್ಕಿದೆ, ಬೈಯಲಿ.

ಈ ಪತ್ರ ಹಿಂದಂಚೆಯಲ್ಲಿ ಬರುತ್ತಿದೆ. ಇಲ್ಲಿ ಹುಟ್ಟಿದವರಿಗೆ ಜನ್ಮಕ್ಕೊಮ್ಮೆ ಹಿಂದಿನ ಕಾಲಕ್ಕೆ ಒಂದು ಪತ್ರ ಹಾಕುವ ಅವಕಾಶವಿದೆ. ಬಹಳ ಜನ ಅಜ್ಜಿಗೆ ಬರೆದು ಮಾವಿನಹಣ್ಣಿನ ರುಚಿ ಹೇಗಿತ್ತು ಎಂದು ಕೇಳುತ್ತಾರೆ. ಉತ್ತರ ಬರುವುದಿಲ್ಲ, ಇಲ್ಲಿ ಆಗಿದ್ದು ಬದಲಾಗುವುದೂ ಇಲ್ಲ. ನೀವು ತಿದ್ದಿದರೆ ಅದರ ಫಲ ಸಿಗುವುದು ನಾವು ನೋಡದ ಯಾವುದೋ ಬೇರೆ ಕೆಳಪೇಟೆಗಂತೆ. ಹಾಗಾಗಿ ಇದು ನನ್ನ ಅಕ್ಕನನ್ನು ಉಳಿಸುವ ಪತ್ರ ಅಲ್ಲ. ಇನ್ಯಾರದೋ ಅಕ್ಕನಿಗಾಗಿ ಕೇಳುತ್ತಿದ್ದೇನೆ: ಹೆಸರು ಕತ್ತರಿಸಿದ ಮೇಲೆ, ಇದು ಬೇರೆ ಯಾರಿಗಾದರೂ ಇದೆಯೇ ಎಂದು ಎಲ್ಲ ಅಂತಸ್ತಿನಲ್ಲೂ ಒಮ್ಮೆ ವಿಚಾರಿಸಿ. ಇದ್ದರೆ ನಂಬರಿನ ತುದಿಗೆ ಒಂದು ಸೇರಿಸಿ ಮತ್ತೆ ಬೀಸಿ. ಅದೂ ಇದ್ದರೆ ಎರಡು ಸೇರಿಸಿ. ಖಾಲಿ ಹೆಸರು ಸಿಗುವವರೆಗೆ ಬಿಡಬೇಡಿ. ಚೆಲ್ಲಿದ ಹಿಟ್ಟನ್ನು ಬೇರೆ ಕಡೆ ಪೂರ್ತಿ ಎತ್ತಿಡಿ, ತಂತಿ ತೆಗೆಯುವಾಗ ಆ ಪೂರ್ತಿಯನ್ನು ಕೇಳಿ. ನಾಲ್ಕು ಸಾಲಿನ ಕೆಲಸ. ನಿಮ್ಮ ಚಹಾ ಆರುವುದರೊಳಗೆ ಮುಗಿಯುತ್ತದೆ.

ಇಲ್ಲಿಯದನ್ನು ನಾನು ನೋಡಿಕೊಳ್ಳುತ್ತೇನೆ. ಯಂತ್ರದ ಮೈಬಿಸಿಯನ್ನು ಕೆಳಗೆ ಇಡಲಾಗದೆ ಅದನ್ನು ಮೇಲೆ, ಗಣಿಯ ಬಾಯಿಯ ನೆರಳಲ್ಲಿ ಕೂರಿಸಿದ್ದಾರೆ. ಹದಿಮೂರನೇ ತಿಂಗಳಲ್ಲಿ ಅಲ್ಲಿ ಕಾವಲಿಲ್ಲ, ಬಿಸಿಲೇ ಕಾವಲು. ಆ ನಾಲ್ಕು ಸಾಲು ನನಗೆ ಬಾಯಿಗೆ ಬರುತ್ತವೆ. ಮುದ್ರೆ ಒಡೆದು ಬರೆಯುವಷ್ಟು ಹೊತ್ತು ಉಸಿರಿದ್ದರೆ ಸಾಕು. ಬರೆಯಲಾಗದಿದ್ದರೂ ನನ್ನ ತಂತಿ ಇಲ್ಲಿ ತೆರೆದೇ ಇರುತ್ತದೆ. ಯಂತ್ರ ತಲೆ ಎಣಿಸುತ್ತದೆ, ಮುಖ ನೋಡುವುದಿಲ್ಲ. ಒಂದು ತಂತಿ, ಒಂದು ತಲೆ, ಅದು ಅಕ್ಕನದು. ಇದನ್ನು ತ್ಯಾಗ ಎಂದು ಬರೆದುಕೊಳ್ಳಬೇಡಿ. ನನಗೆ ಸಿಟ್ಟು ಬಂದಿದೆ, ಅಷ್ಟೇ.

ಅಕ್ಕ ಗೋಡೆ ಕಡೆ ಮುಖ ಮಾಡಿ ಕೂತಿದ್ದಾಳೆ. ಕಚೇರಿಗೆ ಇನ್ನೊಮ್ಮೆ ಹೋಗಿಬರುತ್ತೇನೆ ಎಂದೆ. "ಬರುವಾಗ ಉಪ್ಪು ತಗೊಂಬಾ, ಮುಗದದ" ಎಂದಳು, ಮುಖ ತಿರುಗಿಸದೆ. ಹೂಂ ಎಂದೆ. ಪತ್ರವನ್ನು ಹೊಸ್ತಿಲ ಪಕ್ಕದ ಹಿಂದಂಚೆಯ ಬಾಯಿಗೆ ತುರುಕುತ್ತೇನೆ. ಹೊರಟೆ. ಬಾಗಿಲು ಹೊರಗಿನಿಂದ ಎಳೆದುಕೊಳ್ಳುತ್ತೇನೆ.